ನಾನು ಕೂತಾಗ ಮಾತ್ರ ನಿಂತುಬಿಡುವ ಕಂಪ್ಯೂಟರ್ ಮಹಾಶಯರಿಗೆ

ಮಾನ್ಯರೇ,

ಜಗತ್ತಿನ ಮೊಟ್ಟಮೊದಲ ಕಂಪ್ಯೂಟರು ಇನ್ನೂ ಅರ್ಧ ಕಟ್ಟಿದ ಸ್ಥಿತಿಯಲ್ಲಿದ್ದಾಗಲೇ ರಿಪೇರಿಗೆಂದು ನನ್ನ ಹತ್ತಿರ ಬಂದಿತ್ತೆಂಬ ಸಂಗತಿ ತಮ್ಮ ಕುಲದ ಹಿರಿಯರಿಂದ ತಮಗೆ ತಿಳಿದೇ ಇರುತ್ತದೆ. ನಮ್ಮ ಹಳ್ಳಿ ಶಾಲೆಯಲ್ಲಿದ್ದ ಒಂದೇ ಒಂದು ಯಂತ್ರವೆಂದರೆ ಗೋಡೆ ಗಡಿಯಾರ. ಏಳನೇ ತರಗತಿಯಲ್ಲಿ ನಾನು ಅದನ್ನು ಬಿಚ್ಚಿ ಸರಿಪಡಿಸಿದ ಮೇಲೆ ಶಾಲೆ ಬಿಡುವ ಹೊತ್ತು ಮೇಷ್ಟ್ರಿಗೂ ತಿಳಿಯದೆ ಹೋದದ್ದು ಬೇರೆ ಮಾತು. ಇಂಥವನ ಮೇಜಿನ ಕೆಳಗೆ ವಾಸವಾಗಿರುವ ತಮ್ಮ ನಾಲ್ಕೂ ರಬ್ಬರ್ ಪಾದಗಳಿಗೆ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ತಮ್ಮ ಶಿಸ್ತನ್ನು ಮೆಚ್ಚಲೇಬೇಕು. ನನ್ನ ಹೆಂಡತಿ ನಾಲ್ಕು ಗಂಟೆ ಹೊಲಿಗೆಯ ವಿಡಿಯೋ ನೋಡಿದರೂ ತಾವು ದಣಿಯುವುದಿಲ್ಲ. ಅವಳ ತಮ್ಮ, ಅಂದರೆ ಬೀಗ ರಿಪೇರಿ ಅಂಗಡಿಯ ನನ್ನ ಭಾವಮೈದುನ, ಬಂದು ಇಸ್ಪೀಟು ಆಡಿದರೂ ಚಕಾರವೆತ್ತುವುದಿಲ್ಲ. ನಾನು ಆತ್ಮಕಥೆ ಟೈಪು ಮಾಡಲು ಕೂತು ಇಪ್ಪತ್ತು ನಿಮಿಷವಾದರೆ ಸಾಕು, ತೆರೆಯ ಮೇಲಿನ ಬಾಣ ನಿಂತಲ್ಲೇ ನಿಂತು, ಎಷ್ಟು ಕುಟ್ಟಿದರೂ ಅಲುಗದೆ ತಾವು ತಪಸ್ಸಿಗೆ ಕೂತುಬಿಡುತ್ತೀರಿ. ಬಟನ್ ಒತ್ತಿ ಎಬ್ಬಿಸಿದರೆ ಬರೆದದ್ದೆಲ್ಲ ಮಾಯ. ಪ್ರತಿ ಸಲವೂ ಸರಿಯಾಗಿ ನಾನು ಹುಟ್ಟುವ ಪುಟದಲ್ಲೇ ಹೀಗಾಗುವುದರಿಂದ, ಅರವತ್ತೆರಡು ತುಂಬಿದ ನಾನು ನನ್ನದೇ ಆತ್ಮಕಥೆಯಲ್ಲಿ ಇನ್ನೂ ಹುಟ್ಟಿಯೇ ಇಲ್ಲ.

ಸೋಮವಾರ ತಾವು ಮೊದಲ ಸಲ ನಿಂತಾಗ ಭಾವಮೈದುನ ಹಲ್ಲು ಕಿರಿದು, "ಭಾವ, ಮೆಕ್ಯಾನಿಕ್ಕಿಗೆ ಫೋನ್ ಮಾಡ್ಲಾ, ಇಲ್ಲ ನೀವೇ ಬಿಚ್ಚಿ ಪೂರ್ತಿ ಮುಗಿಸ್ತೀರಾ?" ಎಂದ. ಭಾನುವಾರದೊಳಗೆ ಯಾರ ಸಹಾಯವೂ ಇಲ್ಲದೆ ಸರಿಮಾಡುತ್ತೇನೆಂದು ಇನ್ನೂರು ರೂಪಾಯಿ ಪಣ ಕಟ್ಟಿದೆ. ತಮ್ಮ ನೆನಪಿನ ಪಟ್ಟಿಯಾದ ರ್ಯಾಮ್ ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಹಲ್ಲು ಉಜ್ಜಿದೆ. ವೈರಸ್ ಹುಡುಕಿಸಿದೆ, ಒಂದೂ ಸಿಗದೆ ಅವಮಾನವಾಯಿತು. ಹೊಸ ವೈರು ತಂದೆ. ತಮ್ಮ ಹೊಟ್ಟೆಯ ಧೂಳು ಊದಿ ನಾನೇ ಹದಿನಾಲ್ಕು ಸಲ ಸೀನಿದೆ. ಎಲ್ಲ ಮರಳಿ ಜೋಡಿಸಿದಾಗ ಮೂರು ತಿರುಪು ಉಳಿದವು. ಅವು ತಮಗೆ ಅನಗತ್ಯವೆಂದು ತಿಳಿದು ಜೇಬಿಗೆ ಹಾಕಿಕೊಂಡಿದ್ದೇನೆ.

ಭಾನುವಾರ ಬೆಳಿಗ್ಗೆ ಭಾವಮೈದುನನೆದುರು ಎದೆಯುಬ್ಬಿಸಿ ಕೂತೆ. ಇಪ್ಪತ್ತನೇ ನಿಮಿಷಕ್ಕೆ ತಾವು ಎಂದಿನಂತೆ ನಿಂತಿರಿ. ಅಷ್ಟರಲ್ಲಿ ಕಸ ಗುಡಿಸುತ್ತಿದ್ದ ಹೆಂಡತಿ ಮೇಜಿನ ಕೆಳಗೆ ಬಗ್ಗಿದವಳೇ, "ರೀ, ಮೊದ್ಲು ಅದರ ಮೂಗಿನಿಂದ ಕಾಲು ತೆಗೀರಿ!" ಎಂದು ಕಿರುಚಿದಳು. ಚಳಿಗಾಲ ನೋಡಿ, ವೈರು ಕೈಗೆ ಸಿಗಲೆಂದು ಆತ್ಮಕಥೆ ಶುರುಮಾಡುವ ಮೊದಲೇ ತಮ್ಮ ಬೆನ್ನನ್ನು ನಾನೇ ನನ್ನ ಕಡೆಗೆ ತಿರುಗಿಸಿದ್ದೆ, ಬಿಸಿಗಾಳಿ ಬರುವ ಆ ಜಾಲರಿಗೆ ಉಣ್ಣೆಯ ಕಾಲುಚೀಲ ತೊಟ್ಟ ಎರಡೂ ಪಾದ ಒತ್ತಿಟ್ಟುಕೊಂಡರೆ ಪರಮಸುಖ. ತಮಗೆ ಉಸಿರು ಕಟ್ಟುತ್ತಿತ್ತು, ನನಗೆ ಸಾಹಿತ್ಯ ಉಕ್ಕುತ್ತಿತ್ತು. ಭಾವಮೈದುನ ಕುರ್ಚಿಯಿಂದ ಜಾರಿ, ನೆಲದ ಮೇಲೆಯೇ ಕೂತು, "ಅಕ್ಕಾ, ಭಾವನಿಗೆ ಒಂದು ಹೀಟರ್ ಕೊಡ್ಸೆ!" ಎಂದ. ಹೆಂಡತಿಯ ಮಾತು ಸಹಾಯವಲ್ಲ, ಬೈಗುಳ ಎಂದು ಎಷ್ಟು ವಾದಿಸಿದರೂ ಅವನು ಒಪ್ಪಲಿಲ್ಲ.

ಆದಕಾರಣ ತಾವು ದಯಮಾಡಿ ಮೂಗನ್ನು ನನ್ನ ಕಾಲಿಗೆ ಎಟುಕದಂತೆ ನೆತ್ತಿಯ ಮೇಲೆ ಬೆಳೆಸಿಕೊಳ್ಳಬೇಕು. ಉಸಿರು ಕಟ್ಟಿದಾಗ ಮರ್ಯಾದಸ್ಥರಂತೆ ಒಮ್ಮೆ ಕೆಮ್ಮಬೇಕು. ನುಂಗಿದ ನನ್ನ ಏಳೂ ಜನ್ಮಗಳನ್ನು ಹಿಂದಿರುಗಿಸಬೇಕು. ಭಾವಮೈದುನ ಇಸ್ಪೀಟಿನಲ್ಲಿ ಗೆಲ್ಲುವ ಗಳಿಗೆಯಲ್ಲಿ, ನನ್ನ ಕಾಲಿನ ನೆರವಿಲ್ಲದೆ, ಒಂದೇ ಒಂದು ಸಲ ನಿಂತು ತೋರಿಸಬೇಕು.

ಇಂತಿ, ಕಾಲು ಮಡಚಿ ಕೂತು ಬರೆದ
ಈಗಲೂ ತಮ್ಮ ವಿಶ್ವಾಸಿಯೇ ಆದ
ಇನ್ನೂ ಹುಟ್ಟದ ಗ್ರಂಥಕರ್ತ

ಮರೆತ ಮಾತು: ಲಕ್ಷ ಲೆಕ್ಕ ಕ್ಷಣದಲ್ಲಿ ಮಾಡುವ ತಮಗೆ "ಕಾಲು ತೆಗಿ" ಎಂಬ ಎರಡು ಪದ ತೆರೆಯ ಮೇಲೆ ಮೂಡಿಸಲು ಬರಲಿಲ್ಲವಲ್ಲ, ಆ ವಿದ್ವತ್ತಿಗೆ ಅಭಿನಂದನೆಗಳು. ಇನ್ನು, ಇನ್ನೂರು ಎಂದದ್ದು ಸೋಮವಾರದ ಪಣ. ಮಂಗಳವಾರದಿಂದ ಶನಿವಾರದವರೆಗೆ ತಾವು ನಿಂತ ಒಂದೊಂದು ದಿನವೂ ನಾನು ಮೀಸೆ ತಿರುವಿ ಅದನ್ನು ಎರಡರಷ್ಟು ಮಾಡುತ್ತ ಹೋದೆ. ನನ್ನ ಬರಹವನ್ನು ಹೆಂಡತಿ ಈ ಕೊನೆಯ ಸಾಲಿನವರೆಗೆ ಓದುವುದೇ ಇಲ್ಲವೆಂಬ ಧೈರ್ಯದ ಮೇಲೆ ಹೇಳಿಬಿಡುತ್ತೇನೆ, ಆರು ಸಾವಿರದ ನಾನೂರು.