ಮೈಸೂರು ರಸ್ತೆಗೆ ಹೊರಟ ಒಬ್ಬಟ್ಟು

ಇಡೀ ಬೆಂಗಳೂರಿನ ಬಾಯಿ ಸಿಹಿ ಮಾಡಿಯೇ ತೀರುತ್ತೇನೆ ಎಂದು ಮುನಿಯಲ್ಲಪ್ಪನವರು ಪಣ ತೊಟ್ಟದ್ದು ೨೦೧೭ರ ಯುಗಾದಿ ಕಳೆದ ಮೇಲೆ. ಒಬ್ಬಟ್ಟು ತಟ್ಟುವವರು ಹೆಂಡತಿ ಗೋಪಾಲಮ್ಮ. ಪಣ ತೊಡುವುದಷ್ಟೇ ಇವರ ಪಾಲಿನ ಕೆಲಸ!

ಕಾರ್ಖಾನೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದ ಅವರಿಗೆ ಮಗಳು ತೇಜಸ್ವಿನಿ ಹೊಸ ಮೊಬೈಲು ಕೊಡಿಸಿ, ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ಪಾಠ ಹೇಳುವ ಒಂದು ವೆಬ್‌ಸೈಟು ತೋರಿಸಿದ್ದಳು. ಮುನಿಯಲ್ಲಪ್ಪನವರು ಬೆರಗಾಗಿ ಹೋದರು. ಒಬ್ಬಟ್ಟಿನ ಫೋಟೊ ಯಾವ ಬೆಳಕಲ್ಲಿ ತೆಗೆಯಬೇಕು, ಮುನಿಸಿಕೊಂಡ ಗಿರಾಕಿಯನ್ನು ಹೇಗೆ ಮಾತಾಡಿಸಬೇಕು, ಎಲ್ಲವೂ ಅಂಗೈಯಲ್ಲಿ!

"ಲೇ, ಫೀಸಿಲ್ದೆ ಹೇಳ್ಕೊಡ್ತಾರೆ ಕಣೇ! ಅದೂ ಕನ್ನಡದಲ್ಲಿ!"

"ಬೇಳೆ ಉಕ್ತಾ ಐತೆ, ಮೊದ್ಲು ಅದ್ನ ನೋಡ್ರೀ," ಎಂದರು ಗೋಪಾಲಮ್ಮ.

ಒಂದು ಪಾಠದಲ್ಲಿ ಹೀಗಿತ್ತು: ನಿಮ್ಮ ಊರಿನ ಹೆಸರನ್ನು ಹೆಮ್ಮೆಯಿಂದ ಹೇಳಿ, ಹತ್ತಿರದ ಗುರುತು ಮತ್ತು ಪಿನ್‌ಕೋಡ್ ತಪ್ಪದೆ ಸೇರಿಸಿ. ಮೊದಲರ್ಧ ಅವರ ಎದೆಗೇ ನಾಟಿತು. ಉಳಿದರ್ಧ ಅವಮಾನದಂತೆ ಕಂಡಿತು. ತಾತ ಮುತ್ತಾತನ ಕಾಲದ ಊರಿಗೆ ಗುರುತು ಬೇರೆ ಕೊಡಬೇಕೆ? 'ಗೋಪಾಲಮ್ಮನ ಒಬ್ಬಟ್ಟು, ಬ್ಯಾಟರಾಯನಪುರ, ಬೆಂಗಳೂರು' ಎಂದಷ್ಟೇ ಬರೆದು, ಫೋನ್ ನಂಬರು ಹಾಕಿ, ಇಂಟರ್ನೆಟ್ಟಿನಲ್ಲಿ ಜಗತ್ತಿನ ಮುಂದೆ ಇಟ್ಟರು.

"ನಮ್ದು ಬಳ್ಳಾರಿ ರೋಡು, ಮೈಸೂರು ರೋಡಲ್ಲೂ ಒಂದು ಬ್ಯಾಟರಾಯನಪುರ ಐತೆ ಕಣ್ರೀ," ಎಂದರು ಗೋಪಾಲಮ್ಮ.

"ಇರ್ಲಿ ಬಿಡೇ! ಅದು ಯಾರ ಲೆಕ್ಕಕ್ಕೆ?"

ಜಗತ್ತು ನಾಲ್ಕೇ ದಿನದಲ್ಲಿ ಫೋನು ಮಾಡಿತು. "ಸಾರ್, ನಾನು ಶಿವರಾಮ್. ಭಾನುವಾರ ನಮ್ಮನೆ ಗೃಹಪ್ರವೇಶ. ಇಲ್ಲೇ ಬ್ಯಾಟರಾಯನಪುರ, ಆಂಜನೇಯನ ಗುಡಿ ಹಿಂದಿನ ಬೀದಿ. ಲೊಕೇಶನ್ ಕಳಿಸ್ಲಾ?"

"ಲೊಕೇಶನ್ನಾ! ಇಲ್ಲೇ ಹುಟ್ಟಿ ಬೆಳೆದೋನು ಕಣಪ್ಪಾ ನಾನು!"

ಭಾನುವಾರ ಬೆಳಿಗ್ಗೆ ಡಬ್ಬಿಗಳನ್ನು ಸ್ಕೂಟರಿಗೆ ಬಿಗಿದು ಹೊರಟರು. ಗುಡಿಯ ಹಿಂದೆ ಶಾಮಿಯಾನ, ಬಾಳೆಕಂಬ, ಮಾವಿನ ತೋರಣ! ಮನೆಯ ಯಜಮಾನರು ಓಡಿಬಂದು ಕೈ ಹಿಡಿದರು. ಹೆಸರು ವೀರಬಸಪ್ಪ, ಊರು ಗದಗದ ಕಡೆ.

"ಬರ್ರಿ ಬರ್ರಿ! ಬೀಗರು ಹೋಳಿಗಿ ಕಳಿಸ್ಯಾರೇನ್ರಿ?"

ಬೀಗರೆಂದರೆ ಶಿವರಾಮನ ಕಡೆಯವರೇ ಇರಬೇಕೆಂದುಕೊಂಡು ಮುನಿಯಲ್ಲಪ್ಪನವರು ಧಾರಾಳವಾಗಿ ತಲೆಯಾಡಿಸಿದರು. ತಿಂಡಿಯ ಪಂಕ್ತಿಗೇ ಒಬ್ಬಟ್ಟು ಇಳಿಯಿತು. "ಭಾಳ ಛಲೋ ಅದಾವ್ರಿ!" ಎಂದು ಜನ ಎರಡೆರಡು ಸಲ ಹಾಕಿಸಿಕೊಂಡರು. ಕೊನೆಯ ಡಬ್ಬಿಯ ತಳ ಕಾಣುವ ಹೊತ್ತಿಗೆ ಫೋನು ಬಂತು.

"ಸಾರ್, ಶಿವರಾಮ್ ಮಾತಾಡ್ತಿರೋದು. ಎಲ್ಲಿದ್ದೀರಾ? ಮಧ್ಯಾಹ್ನ ಊಟಕ್ಕೆ ಜನ ಬರ್ತಾರೆ."

"ನಿಮ್ಮ ಶಾಮಿಯಾನದಲ್ಲೇ ಇದೀನಲ್ಲಪ್ಪಾ!"

"ನಾನೂ ಶಾಮಿಯಾನದಲ್ಲೇ ಇದೀನಿ ಸಾರ್. ಮೈಸೂರು ರೋಡು, ಬ್ಯಾಟರಾಯನಪುರ!"

ಮುನಿಯಲ್ಲಪ್ಪನವರು ಬರಿದಾದ ಡಬ್ಬಿಗಳತ್ತ ತಿರುಗಿ ನೋಡಿದರು. ಒಬ್ಬರ ಶುಭಕಾರ್ಯದ ಸಿಹಿಯನ್ನು ಇನ್ನೊಬ್ಬರ ಎಲೆಗೆ ಬಡಿಸಿಬಿಟ್ಟಿದ್ದರು! ವಿಷಯ ಕೇಳಿದ ವೀರಬಸಪ್ಪ ಹೊಟ್ಟೆ ಹಿಡಿದು ನಕ್ಕು, "ಇದರ ಖರ್ಚು ನನ್ನದ್ರಿ. ನೀವು ಮೊದಲ ಅಲ್ಲಿಗೆ ಓಡ್ರಿ!" ಎಂದು ಬೆನ್ನು ತಟ್ಟಿದರು.

ಮನೆಗೆ ಬಂದು ತಲೆತಗ್ಗಿಸಿ ನಿಂತರೆ ಗೋಪಾಲಮ್ಮ ಬೈಯಲೂ ಇಲ್ಲ. ಸಂಜೆಯ ಆರ್ಡರಿಗೆಂದು ರುಬ್ಬಿಟ್ಟಿದ್ದ ಹೂರಣ, ಕಣಕ, ತುಪ್ಪ ಎಲ್ಲ ಆಟೋಗೆ ಹಾಕಿಸಿ, ಕಾವಲಿಯನ್ನು ಗಂಡನ ಕೈಗಿಟ್ಟರು.

"ಅಲ್ಲೇ ತಟ್ಟಿ ಬಿಸಿಬಿಸಿ ಹಾಕನ. ಆಟೋ ಹತ್ರೀ!"

ಹೆಬ್ಬಾಳ, ಗೊರಗುಂಟೆಪಾಳ್ಯ, ಸುಮನಹಳ್ಳಿ... ಆಟೋ ಓಡಿದಷ್ಟೂ ಬೆಂಗಳೂರು ಮುಗಿಯಲಿಲ್ಲ. ಕೊನೆಗೊಂದು ಅಂಗಡಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ಬ್ಯಾಟರಾಯನಪುರ'! ಅದರ ಕೆಳಗೆ ಹೂ ಮಾರುವವರು, ಬಸ್ಸಿಗೆ ಕಾಯುವವರು, ಜಗಳ ಆಡುವವರು. ಮುನಿಯಲ್ಲಪ್ಪನವರು ಬಾಯಿ ತೆರೆದು ನೋಡಿದರು. ಇಷ್ಟೊಂದು ಜನ ಇಷ್ಟು ವರ್ಷದಿಂದ ಬ್ಯಾಟರಾಯನಪುರದವರಾಗಿ ಬಾಳುತ್ತಿದ್ದರು, ಅದೂ ತನ್ನನ್ನೊಂದು ಮಾತೂ ಕೇಳದೆ! ಹುಟ್ಟಿದೂರನ್ನು ಪೂರ್ತಿ ಬಲ್ಲೆ ಎಂದುಕೊಂಡಿದ್ದವರಿಗೆ ಊರು ಅದೆಷ್ಟು ದೊಡ್ಡದೆಂದು ಕಂಡು ಮೈ ಜುಮ್ಮೆಂದಿತು.

ಶಿವರಾಮನ ತಾಯಿ ಮುಖ ಗಂಟಿಕ್ಕಿಕೊಂಡು ನಿಂತಿದ್ದರು. ಗೋಪಾಲಮ್ಮ ಸೆರಗು ಸಿಕ್ಕಿಸಿ ಮೊದಲ ಒಬ್ಬಟ್ಟನ್ನು ಕಾವಲಿಗೆ ಹಾಕಿದ್ದೇ ತಡ, ಘಮಕ್ಕೆ ಪಂಕ್ತಿಯೇ ಎದ್ದು ಒಲೆಯ ಸುತ್ತ ನೆರೆಯಿತು. ಆ ತಾಯಿಯೂ ಎಲೆ ಹಿಡಿದು ನಿಂತರು. ಮುನಿಯಲ್ಲಪ್ಪನವರು ಬೆವರು ಸುರಿಸುತ್ತಾ ತುಪ್ಪ ಬಡಿಸಿದರು.

ಮನೆಗೆ ಮರಳುವಾಗ ಆಟೋದಲ್ಲೇ ಮೊಬೈಲು ಟಣ್ ಎಂದಿತು. ಶಿವರಾಮ್ ಅಭಿಪ್ರಾಯ ಹಾಕಿದ್ದ. ಐದಕ್ಕೆ ಐದು ನಕ್ಷತ್ರ! ಮುನಿಯಲ್ಲಪ್ಪನವರು ಎದೆಯುಬ್ಬಿಸಿ ಹೆಂಡತಿಗೆ ಗಟ್ಟಿಯಾಗಿ ಓದತೊಡಗಿದರು:

"ಗೋಪಾಲಮ್ಮನವರ ಕೈರುಚಿಗೆ ಸಾಟಿಯಿಲ್ಲ. ಅವರ ಜೊತೆ ಬರುವ ಕೆಲಸದವರಿಗೆ ಸ್ವಲ್ಪ ವಯಸ್ಸಾಗಿದೆ. ಆದರೂ ಪಾಪ, ತುಪ್ಪ ಚೆನ್ನಾಗಿ ಬಡಿಸುತ್ತಾರೆ."