ವ್ಯಾನಿನ ಕಿಟಕಿಗೆ ಹತ್ತಿ ಕಟ್ಟಿದ ಪ್ರಸಂಗ

ಬಿಸಿಲನ್ನು ಎಲ್ಲಿ ತಡೆಯಬೇಕು? ಬಾಗಿಲ ಹೊರಗೋ, ಒಳಗೆ ಕರೆದು ಮಣೆ ಹಾಕಿ ಕೂರಿಸಿದ ಮೇಲೋ? ಇಷ್ಟು ಸರಳವಾದ ಪ್ರಶ್ನೆಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಆದೋನಿಯ ಬಿಸಿಲಿನಲ್ಲೇ ಹುಟ್ಟಿ ಬೆಳೆದವನು. ಸಾಲದ್ದಕ್ಕೆ ಹೊಟ್ಟೆಪಾಡು ಕೂಡ ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿನ ಗುಮಾಸ್ತಗಿರಿ. ಬಿಸಿಲು ಮತ್ತು ಹತ್ತಿ, ಇವೆರಡರ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಗಂಡು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂದು ನಾನು ತಿಳಿದಿದ್ದೆ. ಹೇಳಲು ಬಂದವರ ಮೇಲೆಲ್ಲ ಹರಿಹಾಯ್ದೆ. ಈಗ ನೆನೆಸಿಕೊಂಡರೂ ಮೈಯೆಲ್ಲ ಉರಿಯುತ್ತದೆ!

ನಮ್ಮ ಅಮ್ಮನಿಗೆ ಇರುವವಳು ಒಬ್ಬಳೇ ಅಕ್ಕ. ಇರುವುದು ನಂದವರಂನಲ್ಲಿ. ಎಮ್ಮಿಗನೂರಿನ ಮೇಲೆ ಹಾದು ಹೋದರೆ ಊಟದ ಹೊತ್ತಿಗೆ ಮುಟ್ಟಬಹುದಾದ ಊರು. ಆದರೂ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳೇ ಉರುಳಿದ್ದವು. ಕಾರಣ ಜಗಳವಲ್ಲ, ಮಡಿ! ಇಬ್ಬರೂ ಬಸ್ಸು ಹತ್ತುವವರಲ್ಲ. ಯಾರೋ ಕೂತೆದ್ದ ಸೀಟು, ಯಾರೋ ಹಿಡಿದ ಕಂಬಿ, ಎಲ್ಲಿಯದೋ ನೀರು. ಶಿವಶಿವಾ ಎಂದು ಹೇಳುವ ಹಾಗಿಲ್ಲ, ನಮ್ಮದು ವೈಷ್ಣವರ ಮನೆ. ಹರಿಹರಿ!

ಹೀಗಿರುವಾಗ ದೊಡ್ಡಮ್ಮನಿಗೆ ಕಣ್ಣು ಮಂಜಾಗುತ್ತಿದೆ ಎಂದು ಸುದ್ದಿ ಬಂತು. ಮೂರನೆಯ ದಿನ ಅಮ್ಮ ಊಟಕ್ಕೆ ಬಡಿಸುತ್ತಾ, "ಆಕಿ ಕಣ್ಣು ಪೂರಾ ಹೋಗೋದ್ರಾಗ ಒಮ್ಮೆ ನನ್ನ ಮುಖ ಆಕಿಗೆ ತೋರಸಬೇಕೋ ವೆಂಕೋಬಾ" ಅಂದಳು.

ಮಗನಾಗಿ ಇಷ್ಟೂ ಮಾಡದಿದ್ದರೆ ನಾನು ಯಾತಕ್ಕೆ? ಆಗಲೇ ನನ್ನ ತಲೆಯಲ್ಲಿ ಆ ದಿವ್ಯ ಯೋಜನೆ ಮೂಡಿತು. ಅಮ್ಮ ಮನೆ ಬಿಟ್ಟು ಬರುವುದಿಲ್ಲವೇ? ಮನೆಯನ್ನೇ ಹೊರಡಿಸೋಣ!

ಊರೂರಿಗೆ ಸಿನಿಮಾ ಸಾರುತ್ತಿದ್ದ ಹಳೆಯ ವ್ಯಾನೊಂದು ಮಾರಾಟಕ್ಕೆ ಬಂದಿತ್ತು. ಅದನ್ನು ಕೊಂಡು ತಂದೆ. ಒಳಗೆ ಅಮ್ಮನಿಗೆ ಮಲಗಲು ಹಲಗೆ, ಒಂದು ಸೀಮೆಎಣ್ಣೆ ಸ್ಟೌವು, ತಾಮ್ರದ ಕೊಡ, ಮಡಿಬಟ್ಟೆ ಒಣಹಾಕಲು ಗಳ. ಡ್ರೈವರ್ ಮಸ್ತಾನನ ಸೀಟಿನ ಹಿಂದೆ, ಮಡಿ ಕೆಡದಿರಲೆಂದು, ಒಂದು ಅಡ್ಡಹಲಗೆ. ಅಮ್ಮ ಒಳಗೆಲ್ಲ ಸಗಣಿನೀರು ಚಿಮುಕಿಸಿ ಅಪ್ಪಣೆ ಕೊಟ್ಟಳು. ಉಳಿದದ್ದು ಒಂದೇ, ಬಿಸಿಲು. ವ್ಯಾನಿನ ಕಿಟಕಿಗಳೆಲ್ಲ ಗಾಜು. ಹೊತ್ತೇರಿದರೆ ಒಳಗೆ ಹಪ್ಪಳ ಸುಡಬಹುದು. ಕಿಟಕಿಗಳಿಗೆ ಬಿಸಿಲು ತಡೆಯುವ ತಟ್ಟಿ ಕಟ್ಟಲೇಬೇಕು. ಒಳಗೋ, ಹೊರಗೋ?

"ಒಳಗ ಕಟ್ರಿ" ಅಂದಳು ನನ್ನ ಹೆಂಡತಿ ಪದ್ಮಾ. "ಬೇಕಾದಾಗ ಕೂತಲ್ಲಿಂದನ ಎತ್ತಬಹುದು, ಬ್ಯಾಡಾದಾಗ ಇಳಿಸಬಹುದು."

"ನಿನಗೆ ತಿಳಿಯೂದಿಲ್ಲ ಸುಮ್ಮನಿರು. ಗಾಜು ದಾಟಿ ಒಳಗ ಬಂದ ಬಿಸಿಲು ಮತ್ತ ಹೊರಗ ಹೋಗೂದಿಲ್ಲ. ನಿನ್ನ ತಮ್ಮ ಇದ್ದಾಂಗ!"

ಮೂರು ತಿಂಗಳಿಂದ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದ್ದ ಭಾವಮೈದುನ ಆ ಸಂಜೆಯೇ ಗಂಟುಮೂಟೆ ಕಟ್ಟಿದ. ಆ ತಟ್ಟಿಗಳಿಂದ ನನಗಾದ ಲಾಭ ಅದೊಂದೇ.

ಪದ್ಮಾ ಅಷ್ಟಕ್ಕೆ ಬಿಡಲಿಲ್ಲ. ತೀರ್ಪಿಗೆ ಅಮ್ಮನ ಹತ್ತಿರ ಹೋದಳು. ಅಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು: "ಒಳಗ ಅರಿವಿ ಕಟ್ಟಿದ್ರ ಅದು ನನಗ ತಾಕತದ. ದಿನಾ ಮುಂಜಾನೆ ಎಲ್ಲಾನೂ ಒಗದು ಮಡಿಲೆ ಒಣಗಸಬೇಕಾಗತದ. ಯಾರು ಒಗೀತೀರಿ?"

ಪದ್ಮಾ ಕೂಡಲೇ ಪಕ್ಷ ಬದಲಿಸಿದಳು. "ಹೊರಗನ ಇರಲಿ ಬಿಡ್ರಿ."

ಗೆದ್ದೆ! ಸಿನಿಮಾದ ಹಲಗೆಗಳನ್ನು ತೂಗುಹಾಕಲು ಪ್ರತಿ ಕಿಟಕಿಯ ಮೇಲೂ ಕಬ್ಬಿಣದ ಕೊಂಡಿಗಳು ಮೊದಲೇ ಇದ್ದವು. ದೇವರೇ ನನ್ನ ಕಡೆಗಿದ್ದಾನೆ ಎನಿಸಿತು.

ತಟ್ಟಿಯನ್ನು ಎಲ್ಲರ ಹಾಗೆ ಲಾವಂಚದಲ್ಲಿ ಮಾಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹತ್ತಿಯ ಊರಿನಲ್ಲಿದ್ದುಕೊಂಡು ಲಾವಂಚ ಹುಡುಕುವುದೇ? ಎದುರುಮನೆಯ ಹತ್ತಿ ವ್ಯಾಪಾರಿ ಬಸಣ್ಣನ ಗೋದಾಮಿನಲ್ಲಿ ಬಣ್ಣಗೆಟ್ಟ ಹತ್ತಿ ಬಿದ್ದಿತ್ತು. ಕೇಳಿದೆ. ಧಾರಾಳ ಮನುಷ್ಯ, ಪುಕ್ಕಟೆ ಕೊಟ್ಟ.

"ತಗೊಂಡು ಹೋಗ್ರಿ ರಾಯರ. ಆದ್ರ ಇದ್ರಾಗ ಕಾಳು ಐತಿ ನೋಡ್ರಿ. ನಿಮ್ಮ ಜಿನ್ನಿನ್ಯಾಗ ಹಾಕಿಸಿ ಕಾಳು ತೆಗಸ್ರಿ, ಆಮ್ಯಾಲ ತುಂಬ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಹತ್ತಿಯಲ್ಲಿ ಬೀಜ ಇರುತ್ತದೆಂದು ಜಿನ್ನಿನ ಗುಮಾಸ್ತನಿಗೆ ಹೇಳಿಕೊಡುತ್ತಾನೆ! "ಇರಲಿ ಬಸಣ್ಣಾರ, ಕಾಳಿದ್ರ ತೂಕ, ತೂಕ ಇದ್ರ ಗಾಳಿಗೆ ಹಾರೂದಿಲ್ಲ. ಇದು ವಿಜ್ಞಾನ!" ಎಂದು ಗರ್ಜಿಸಿ ಚೀಲಗಳನ್ನು ಹೊರಿಸಿಕೊಂಡು ಬಂದೆ. ಕಾಳು ಸಮೇತ ಹತ್ತಿಯನ್ನು ಗೋಣಿತಟ್ಟಿನಲ್ಲಿ ತುಂಬಿ, ಹಾಸಿಗೆಯ ಹಾಗೆ ಹೊಲಿಸಿ, ಕೊಂಡಿಗಳಿಗೆ ಬಿಗಿದು ಕಟ್ಟಿದೆ. ಮೇಲೆ ಬಿಂದಿಗೆಗಟ್ಟಲೆ ನೀರು ಹೊಯ್ದೆ. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ ನೋಡುತ್ತೇನೆ, ತಂಪೆಂದರೆ ತಂಪು! ದೇವರ ಗರ್ಭಗುಡಿಯೂ ಅಷ್ಟು ತಂಪಿರಲಿಕ್ಕಿಲ್ಲ. ಪದ್ಮಾಳನ್ನು ಕರೆದು ಒಳಗೆ ನಿಲ್ಲಿಸಿ, "ಈಗ ಹೇಳು" ಅಂದೆ. ಅವಳು ಸೆರಗಿನಿಂದ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದಳು. ಅದು ನನಗೆ ಸಾಕಾಗಿತ್ತು.

ಮರುದಿನವೇ ಹೊರಡಬೇಕು. ಮಸ್ತಾನನಿಗೆ ಜ್ವರ! ವಾರವೆಲ್ಲ ಜ್ವರ. ನಾನು ಪ್ರಯೋಗ ಬಿಡಲಿಲ್ಲ, ಬೆಳಿಗ್ಗೆ ಸಂಜೆ ನೀರು ಹೊಯ್ದೇ ಹೊಯ್ದೆ. ವಾರ ತುಂಬುವ ಹೊತ್ತಿಗೆ ಪದ್ಮಾ ಅಂಗಳದಿಂದ ಕೂಗಿದಳು.

"ರೀ, ಸ್ವಲ್ಪ ಬರ್ರಿ ಇಲ್ಲೆ. ನಿಮ್ಮ ವಿಜ್ಞಾನ ಮೊಳಕಿ ಒಡದದ!"

ಹೌದು. ಗೋಣಿಯ ಸಂದುಸಂದಿನಿಂದ ಎಳೆಯ ಹಸಿರು ಎಲೆಗಳು ಹೊರಗೆ ಇಣುಕುತ್ತಿದ್ದವು. ಹಲ್ಲು ಕಡಿಯುತ್ತಾ ಕಿತ್ತೆ. ಮರುದಿನ ಅದರ ಎರಡರಷ್ಟು ಬಂದವು. ಬಸಣ್ಣ ತನ್ನ ಕಟ್ಟೆಯ ಮೇಲೆ ಕೂತು, "ರಾಯರ, ಕಳೆ ತಗ್ಯಾಕ ಎಡಿಕುಂಟಿ ಹೊಡೀಬೇಕಾ? ಎತ್ತು ಕಳಸ್ಲ್ಯಾ?" ಅಂದ. ಆ ಮನುಷ್ಯನ ಜೊತೆ ನಾನು ದೀಪಾವಳಿಯವರೆಗೂ ಮಾತಾಡಲಿಲ್ಲ. ಪದ್ಮಾಗೆ ಮಾತ್ರ ಗಂಭೀರವಾಗಿ ಹೇಳಿದೆ: "ಹಸಿರಿದ್ರ ಇನ್ನೂ ತಂಪು. ಇದ್ದಾಂಗ ಇರಲಿ."

ಅದು ಕೆರೆಕಟ್ಟೆಗಳು ಬತ್ತುವ ಕಾಲ. ಆದೋನಿಯಿಂದ ಎಮ್ಮಿಗನೂರಿನವರೆಗೆ ಹಸಿರಾಗಿ ಕಾಣುತ್ತಿದ್ದದ್ದು ನಮ್ಮ ವ್ಯಾನೊಂದೇ.

ಜ್ವರ ಬಿಟ್ಟ ಮಸ್ತಾನ್ ಬಂದ. ಅಮ್ಮ ಅಕ್ಕನಿಗೆಂದು ತಂಬಿಟ್ಟು ಕಟ್ಟಿಕೊಂಡು, ಮಡಿಸೀರೆ ಉಟ್ಟು, ಹಲಗೆಯ ಮೇಲೆ ವಿರಾಜಮಾನಳಾದಳು. ಹೊರಟೆವು. ಊರ ಹೊರಗೆ ಬರುವಷ್ಟರಲ್ಲೇ ಮಸ್ತಾನ್ ರಾಗ ತೆಗೆದ.

"ಸಾಬ್, ಬಾಜೂಕ ಏನೂ ಕಾಣಂಗಿಲ್ಲ. ಕನ್ನಡಿ ಮ್ಯಾಲ ಹತ್ತಿ ಗಿಡ ಬಂದೈತಿ."

"ಮುಂದ ನೋಡಿ ನಡಸಯ್ಯಾ! ಬಾಜೂಕ ಯಾತಕ್ಕ ನೋಡ್ತಿ?"

ಒಳಗೆ ಕಗ್ಗತ್ತಲೆ. ಗಾಳಿ ಬರುವ ದಾರಿಗಳನ್ನೆಲ್ಲ ನಾನೇ ಕೈಯಾರೆ ಮುಚ್ಚಿದ್ದೆ. ಗೋಣಿಯ ಕಮಟು ವಾಸನೆ ಬೇರೆ. ತಟ್ಟಿ ಎತ್ತೋಣವೆಂದರೆ ಅದು ಇರುವುದು ಹೊರಗೆ! ವ್ಯಾನು ನಿಲ್ಲಿಸಿ, ಇಳಿದು, ಬಿಚ್ಚಬೇಕು. "ಉಸರು ಕಟ್ಟತದೋ ವೆಂಕೋಬಾ" ಅಂತ ಅಮ್ಮ ಕೂಗಿದಳು. "ಒಳಗ ಕಟ್ಟಿದ್ರ..." ಅಂತ ಪದ್ಮಾ ಶುರುಮಾಡಿದಳು. "ಬಾಯಿ ಮುಚ್ಚು!" ಅಂತ ನಾನು ಕೂಗಿದೆ. ಕೂಗಾಟ ಕೇಳಿ ಮಸ್ತಾನ್ ಎಮ್ಮಿಗನೂರಿಗೆ ಮೊದಲು ಸಿಗುವ ಹಳ್ಳಿಯೊಂದರ ಮುಂದೆ ದಾರಿಬದಿಯ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿದ.

ನಾನು ಇಳಿದು ಗಂಟು ಬಿಚ್ಚಲು ನಿಂತೆ. ನೀರು ಕುಡಿದು ಉಬ್ಬಿದ ಹಗ್ಗ ಬಿಚ್ಚುವ ಹಾಗಿರಲಿಲ್ಲ. ಅದರ ತಾಯಿತಂದೆಗಳನ್ನೆಲ್ಲ ಬೈಯುತ್ತಾ ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದೆ. ಬೆನ್ನ ಹಿಂದೆ ಯಾರೋ ದೀರ್ಘವಾಗಿ ಉಸಿರು ಬಿಟ್ಟರು. ತಿರುಗಿ ನೋಡಿದರೆ, ಎಮ್ಮೆ! ಅದರ ಹಿಂದೆ ಇನ್ನೊಂದು. ಅದರ ಹಿಂದೆ ಊರಿನ ಎಮ್ಮೆಗಳೆಲ್ಲ!

ಹತ್ತಿಕಾಳು ಎಂದರೆ ಎಮ್ಮೆಗಳಿಗೆ ಹಬ್ಬದೂಟ. ಆದೋನಿಯಲ್ಲಿ ಹಾಲು ಮಾರುವವರೆಲ್ಲ ನಮ್ಮ ಜಿನ್ನಿನ ಬಾಗಿಲಿಗೇ ಬಂದು ಒಯ್ಯುತ್ತಾರೆ. ನೆನೆಸಿಟ್ಟ ಕಾಳಾದರೆ ಕೇಳುವುದೇ ಬೇಡ. ನಾನು ಒಂದು ವಾರ ನೆನೆಸಿದ್ದೆ! ಮೇಲೆ ಎಳೆಹಸಿರಿನ ಒಗ್ಗರಣೆ. ಹಸಿರು ಕಾಣದೆ ತಿಂಗಳುಗಳಾಗಿದ್ದ ಎಮ್ಮೆಗಳು ನನ್ನನ್ನು ಪಕ್ಕಕ್ಕೆ ತಳ್ಳಿ ಎರಡೂ ಕಡೆ ಪಂಕ್ತಿಗೆ ಕೂತ ಹಾಗೆ ನಿಂತು ಎಳೆಯತೊಡಗಿದವು. "ಹೋ! ಹಾ! ಥೂ!" ಎಂದೆ. ಕೊಡೆಯಿಂದ ಬಡಿದೆ. ಕೊಡೆ ಮುರಿಯಿತು. ಒಂದು ಎಮ್ಮೆ ಗೋಣಿ ಕಚ್ಚಿ ಜೋರಾಗಿ ತಲೆ ಒದರಿತು ನೋಡಿ, ಕೊಂಡಿ ಕಿತ್ತು, ಚೌಕಟ್ಟು ಕಿತ್ತು, ಗಾಜು ಫಳಾರೆಂದು ಕೆಳಗೆ! ಆ ಖಾಲಿ ಕಿಟಕಿಯಲ್ಲಿ ಎಮ್ಮೆ ನಿಧಾನವಾಗಿ ಮುಖ ತೂರಿಸಿತು. ಅಮ್ಮನ ಮಡಿಸೀರೆಯ ಸೆರಗನ್ನು ಒಮ್ಮೆ ನೆಕ್ಕಿತು. ಆಮೇಲೆ ತಂಬಿಟ್ಟಿನ ಗಂಟಿಗೆ ಬಾಯಿ ಹಾಕಿತು.

ಅಮ್ಮನ ಕೂಗು ನಂದವರಂಗೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಅಷ್ಟರಲ್ಲಿ ಆ ಎಮ್ಮೆಯ ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. ಪಾಪ, ಕ್ಷಮೆ ಕೇಳಲು ಬರುತ್ತಿದ್ದಾಳೆ ಎಂದು ನಾನು ಮುಖ ಬಿಗಿದು ನಿಂತೆ.

"ಏಮಯ್ಯಾ, ಬುದ್ಧಿ ಐತೇನು ನಿನಗ? ನಮ್ಮ ಎಮ್ಮಿಗೆ ಗೋಣಿ ತಿನ್ನಿಸೀಯಲ್ಲ! ಗಬ್ಬದ ಎಮ್ಮಿ! ಹೊಟ್ಟ್ಯಾಗ ಹಗ್ಗ ಸಿಕ್ಕೊಂಡ್ರ ಯಾರು ಜವಾಬು?"

"ನಾನು ತಿನ್ನಿಸಿದೆನೇ? ಅದು ನನ್ನ ವ್ಯಾನು ತಿಂದದ!"

"ಬಂಡಿ ತುಂಬಾ ಮೇವು ಕಟ್ಕೊಂಡು ಊರ ಮುಂದ ತಂದು ನಿಲ್ಲಿಸಿದಾಂವ ನೀನಾ, ನಾನಾ?"

ಕೂಡಿದ ಜನ ವ್ಯಾನನ್ನೂ ನನ್ನನ್ನೂ ನೋಡಿ ತೀರ್ಮಾನ ಕೊಟ್ಟರು. ಎಮ್ಮೆ ಮೆಲುಕು ಹಾಕಬೇಕು. ಹಾಕಿದರೆ ಹೊಟ್ಟೆ ಸರಿಯಾಗಿದೆ ಎಂದರ್ಥ. ಅಲ್ಲಿಯವರೆಗೆ ವ್ಯಾನೂ ಕದಲಬಾರದು, ವ್ಯಾನಿನ ಧಣಿಯೂ ಕದಲಬಾರದು! ಮಸ್ತಾನ್ ಆಗಲೇ ಚಾಪೆ ಹಾಸಿ ಮಲಗಿದ್ದ.

ಅಮ್ಮ ವ್ಯಾನಿನಿಂದ ಇಳಿದಳು. ಸೆರಗು ಹಿಂಡಿಕೊಂಡಳು. ಧೂಳೆಬ್ಬಿಸುತ್ತಾ ಬಂದ ನಂದವರಂ ಬಸ್ಸಿಗೆ ತಾನೇ ಕೈ ಅಡ್ಡ ಹಿಡಿದಳು!

"ಅಮ್ಮಾ! ಬಸ್ಸು! ಮಡಿ!" ಎಂದೆ.

"ಎಮ್ಮಿ ನೆಕ್ಕಿದ ಮ್ಯಾಲ ಎಲ್ಲಿ ಮಡಿಯೋ ಮುಠ್ಠಾಳಾ? ಅಕ್ಕನ ಕಣ್ಣು ನಿನ್ನ ಎಮ್ಮಿಗೆ ಕಾಯತಾವೇನು? ಪದ್ಮಾ, ಹತ್ತು!"

ಪದ್ಮಾ ಹತ್ತಿದಳು. ಕಿಟಕಿಯಿಂದ ನನ್ನನ್ನು ನೋಡಿದಳು. "ಒಳಗ ಕಟ್ಟಿದ್ರ" ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಬಯ್ಯಬಹುದಿತ್ತು.

ನಾನು ಎಮ್ಮೆಯ ಮುಂದೆ ಕೂತೆ. ಎಮ್ಮೆ ನನ್ನನ್ನು ನೋಡಿತು. ನಾನು ಎಮ್ಮೆಯ ಬಾಯಿ ನೋಡಿದೆ. ಬೆದರಿಸಿದೆ, ಪುಸಲಾಯಿಸಿದೆ, ಕೊನೆಗೆ ಕೈಮುಗಿದೆ. "ತಾಯಿ, ಒಮ್ಮೆ ದವಡೆ ಆಡಿಸು." ಅದು ಕಿವಿ ಆಡಿಸಿತು. ಒಡತಿ ಆಗಾಗ ಬಂದು ಎಮ್ಮೆಯ ಹೊಟ್ಟೆ ಮುಟ್ಟಿ ನೋಡಿ, ನನಗೆ ಎರಡು ಮಾತು ಅಂದು ಹೋಗುತ್ತಿದ್ದಳು. ಊಟವಿಲ್ಲ, ನೆರಳು ಸರಿದು ಹೋಗಿತ್ತು. ನನಗೆ ಎಮ್ಮೆಯ ಮೇಲೆ ಸಿಟ್ಟು, ಬಸಣ್ಣನ ಮೇಲೆ ಸಿಟ್ಟು, ಮಸ್ತಾನನ ಗೊರಕೆಯ ಮೇಲೆ ಸಿಟ್ಟು. ಹೊತ್ತು ಹೋದಂತೆ ಬೇರೊಂದು ಕುಟುಕತೊಡಗಿತು. ಈಗ ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ಮುಟ್ಟಿ ನೋಡುತ್ತಿರಬಹುದು. ಅದನ್ನು ನೋಡಬೇಕೆಂದೇ ನಾನು ಇಷ್ಟೆಲ್ಲ ಮಾಡಿದ್ದು. ಆ ಹೊತ್ತಿನಲ್ಲಿ ನಾನು ನೋಡುತ್ತಿದ್ದದ್ದು ಈ ಮುಖ!

ಹೊತ್ತು ಇಳಿಯುವಾಗ ಅದೇ ಬಸ್ಸು ತಿರುಗಿ ಬಂದು ಬೇವಿನ ಮರದ ಹತ್ತಿರ ನಿಂತಿತು. ತೆರೆದ ಕಿಟಕಿಯಲ್ಲಿ ಅಮ್ಮ. ಅವಳ ಕೂದಲು ಗಾಳಿಗೆ ಹಾರಿ ಕೆದರಿತ್ತು, ಮುಖ ಹುಡುಗಿಯ ಹಾಗೆ ಅರಳಿತ್ತು. ಪಕ್ಕದಲ್ಲಿ ದೊಡ್ಡಮ್ಮ! ತಂಗಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಆಕಿನ್ನ ನನ್ನ ಸಂಗಟ ಕರಕೊಂಡು ಹೊಂಟೀನಿ" ಅಂದಳು ಅಮ್ಮ.

"ಅಮ್ಮಾ, ಬಿಸಿಲು? ಬಸ್ಸಿನ ಕಿಟಕಿಗೆ ತಟ್ಟಿನೂ ಇಲ್ಲಲ್ಲ?"

"ತಟ್ಟಿ ಯಾತಕ್ಕೋ? ಕಿಟಕಿ ತಗದಿತ್ತು. ಗಾಳಿ ಬಂತು. ಇಷ್ಟು ವರ್ಷ ಯಾಕ ಹತ್ತಲಿಲ್ಲೋ ಏನೋ ನಾನು."

ದೊಡ್ಡಮ್ಮ ಮಂಜುಗಣ್ಣನ್ನು ಕಿರಿದು ಮಾಡಿ ಮರದ ಕಡೆ ನೋಡಿದಳು. "ಅಲ್ಲೆ ಎಮ್ಮಿ ಮುಂದ ಕೂತಾಂವ ಯಾರ?"

"ನಮ್ಮ ವೆಂಕೋಬ."

"ಹೌದಾ? ಜಿನ್ನಿನ ನೌಕರಿ ಯಾವಾಗ ಬಿಟ್ಟಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪದ್ಮಾ. ಬಸ್ಸು ಆದೋನಿಯ ಕಡೆ ಹೊರಟು, ಧೂಳು ನನ್ನ ಮೇಲೂ ಎಮ್ಮೆಯ ಮೇಲೂ ಸಮನಾಗಿ ಕೂತಿತು. ಆಗ ಎಮ್ಮೆ ನನ್ನನ್ನೇ ನೋಡುತ್ತಾ, ನಿಧಾನವಾಗಿ, ಮೆಲುಕು ಹಾಕತೊಡಗಿತು.