ಆನೆ ಕಾಸಿನ ಬೆಲೆ ಇಳಿಸುವ ಬಗ್ಗೆ

ಇಂದ,
ತಿಮ್ಮಯ್ಯ, ನಿವೃತ್ತ ದ್ವಿತೀಯ ದರ್ಜೆ ಗುಮಾಸ್ತ,
ಕೆರೆ ಬೀದಿ, ಹಳೇಬೀಡು, ಬೇಲೂರು ತಾಲ್ಲೂಕು.

ಗೆ,
ಶ್ರೀ ಶಶಿಧರ್, ಅಧ್ಯಕ್ಷರು ಹಾಗೂ ಮೌಲ್ಯಮಾಪಕರು,
ಹಳೆ ನಾಣ್ಯ ಸಂಗ್ರಾಹಕರ ಬಳಗ, ಅರಸೀಕೆರೆ.

ವಿಷಯ: ನನ್ನ ಹೆಂಡತಿಯ ವಶದಲ್ಲಿರುವ ಆನೆ ಕಾಸಿಗೆ ತಾವು ಕಟ್ಟಿದ ಬೆಲೆಯನ್ನು ರದ್ದುಪಡಿಸಿ, ಅದು ಮೂರು ಕಾಸಿಗೂ ಬಾಳುವುದಿಲ್ಲವೆಂದು ದೃಢೀಕರಣ ಪತ್ರ ನೀಡುವ ಕುರಿತು.

ಉಲ್ಲೇಖ: ಕಳೆದ ಕಾರ್ತಿಕ ಮಾಸದಲ್ಲಿ ನಮ್ಮೂರಿನ ಪ್ರದರ್ಶನದಲ್ಲಿ ತಾವು ಮೈಕಿನಲ್ಲಿ ಆಡಿದ ಮಾತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ನನ್ನ ಹೆಂಡತಿ ಮಾದಮ್ಮ ಹಾಗೂ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಸ್ಥರ ಪತ್ನಿ ಸುವರ್ಣಮ್ಮನವರು ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ಮಧ್ಯಾಹ್ನದ ಊಟವಾದ ಮೇಲೆ ನಮ್ಮ ಜಗಲಿಯಲ್ಲಿ ಚೌಕಾಬಾರ ಆಡುತ್ತಿದ್ದರು. ಮಾದಮ್ಮನ ಕಾಯಿಗಳು ಮೂರು ಹುಣಸೆಬೀಜ ಮತ್ತು ಒಂದು ತಾಮ್ರದ ಆನೆ ಕಾಸು. ಆ ಕಾಸು ಅವಳ ಕೈಗೆ ಹೇಗೆ ಬಂತೆಂದು ಯಾರೂ ಕೇಳಿರಲಿಲ್ಲ. ಕೇಳುವ ಕಾರಣವೂ ಇರಲಿಲ್ಲ.

2. ತಮ್ಮ ಪ್ರದರ್ಶನಕ್ಕೆ ಇಬ್ಬರೂ ಕೈ ಹಿಡಿದುಕೊಂಡೇ ಬಂದರು. ನಾನು ಹಿಂದೆ ಇದ್ದೆ. "ಮಾದಮ್ಮ, ನಿನ್ ಕಾಸೂ ತೋರ್ಸೇ, ನೋಡಾನ" ಎಂದವರು ಸುವರ್ಣಮ್ಮನವರೇ. "ನಿನ್" ಎಂಬ ಪದವನ್ನು ದಯವಿಟ್ಟು ಗಮನಿಸಬೇಕು.

3. ತಾವು ಭೂತಗನ್ನಡಿ ಹಿಡಿದು, ಕಾಸನ್ನು ಮಗುಚಿ, ಮತ್ತೆ ಮಗುಚಿ, ಕುರ್ಚಿಯಿಂದ ಎದ್ದು ನಿಂತಿರಿ. ಎರಡೂ ಕಡೆ ಆನೆಯೇ ಇದೆ, ಇದು ಅಚ್ಚು ಹಾಕುವಾಗ ಆದ ತಪ್ಪು, ಇಂಥ ತಪ್ಪು ಸಿಗುವುದೇ ಅಪರೂಪ, ಆದಕಾರಣ ಒಂದು ಲಕ್ಷಕ್ಕೆ ಕಮ್ಮಿಯಿಲ್ಲ ಎಂದು ಘೋಷಿಸಿದಿರಿ. ನನ್ನ ಸೇವಾವಧಿಯಲ್ಲಿ ತಪ್ಪಿಗೆ ಮೆಮೊ ಕೊಡುತ್ತಿದ್ದರೇ ಹೊರತು ಬೆಲೆ ಕೊಟ್ಟದ್ದನ್ನು ನಾನು ಕಂಡವನಲ್ಲ. ಹುಣಸೆಹಣ್ಣು ಹಾಕಿ ಉಜ್ಜಿದರೆ ಬೆಲೆ ಬಿದ್ದುಹೋಗುತ್ತದೆ ಎಂದೂ ತಾವು ಎಚ್ಚರಿಸಿದಿರಿ.

4. ವಾಪಸು ಬರುವಾಗ ಸುವರ್ಣಮ್ಮನವರು ಮಾದಮ್ಮನ ಕೈ ಬಿಟ್ಟು ಮುಂದೆ ಮುಂದೆ ನಡೆದರು. ನಮ್ಮ ಮನೆ ಮುಂದೆ ಬಂದು ನಿಂತು, "ಅದು ನಮ್ಮತ್ತೆ ಕಾಸು ಕಣೇ ಮಾದಮ್ಮ. ನಿನ್ ಕಾಯಿ ಕಳ್ದೋಗಿತ್ತು ಅಂತ ಆವತ್ತು ಕೊಟ್ಟಿದ್ದೆ" ಎಂದರು.

"ಕೊಟ್ಟಿದ್ದಲ್ಲ, ಪಣಕ್ಕಿಟ್ಟು ಸೋತಿದ್ದು. ಗೆದ್ದಿದ್ದು ನಾನು."

"ದೇವ್ರ ಮೇಲೆ ಆಣೆ ಮಾಡು."

"ನೀನ್ ಮಾಡು ಮೊದ್ಲು."

ಇಬ್ಬರೂ ಮಾಡಿದರು. ಇಬ್ಬರದೂ ನಿಜವಿರಬಹುದೆಂಬುದು ನನ್ನ ವೈಯಕ್ತಿಕ ಅಭಿಪ್ರಾಯ. ಅದನ್ನು ಮನೆಯಲ್ಲಿ ಮಂಡಿಸುವ ಧೈರ್ಯ ನನಗಿಲ್ಲ.

5. ತತ್ಪರಿಣಾಮವಾಗಿ ಕಾಸು ಬೀರು ಸೇರಿತು. ಗೋಡೆಯ ಮೇಲಿಂದ ಹೋಗಿಬರುತ್ತಿದ್ದ ಸಾರಿನ ಬಟ್ಟಲು ನಿಂತಿತು. ಮಾರಿ ಸಮನಾಗಿ ಹಂಚಿಕೊಳ್ಳಿರೆಂದು ನಾನು ರಾಜಿ ಸೂತ್ರ ಮುಂದಿಟ್ಟೆ. "ದುಡ್ಡು ಯಾರಿಗ್ ಬೇಕು ತಿಮ್ಮಯ್ಯನೋರೆ? ಅವ್ಳು ಬಾಯ್ಬಿಟ್ಟು 'ನಿಂದೇ' ಅನ್ಲಿ ಸಾಕು" ಎಂದರು ಸುವರ್ಣಮ್ಮನವರು. ಮಾದಮ್ಮನ ಉತ್ತರ: "ಅವ್ಳು ಬಾಯ್ಬಿಟ್ಟು 'ಸೋತೆ' ಅನ್ಲಿ. ನೀವ್ ಸುಮ್ಕಿರಿ."

6. ಮಧ್ಯಾಹ್ನಗಳಲ್ಲಿ ಮಾದಮ್ಮ ಒಬ್ಬಳೇ ಜಗಲಿಯಲ್ಲಿ ಕೂತು ಇಬ್ಬರ ಪರವಾಗಿಯೂ ಕವಡೆ ಹಾಕತೊಡಗಿದಳು. ನಾನು ಕಿಟಕಿಯ ಒಳಗಿನಿಂದ ಗಮನಿಸಿದಂತೆ, ಎಲ್ಲ ಆಟಗಳಲ್ಲೂ ಸುವರ್ಣಮ್ಮನವರೇ ಗೆದ್ದರು. ಇದು ನಿಯಮಬಾಹಿರ. ಆದರೂ ನಾನು ಆಕ್ಷೇಪಣೆ ಸಲ್ಲಿಸಲಿಲ್ಲ.

7. ಹೀಗಿರುವಲ್ಲಿ, ಯುಗಾದಿಯ ಹಿಂದಿನ ವಾರ ಸುವರ್ಣಮ್ಮನವರು ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡರು. ಸುದ್ದಿ ಬಂದಾಗ ಮಾದಮ್ಮ ಮುದ್ದೆ ಕಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಓಡಿದಳು. ಬೀರುವಿನಿಂದ ಕಾಸನ್ನೂ ತೆಗೆದುಕೊಂಡು ಓಡಿದ್ದು ನನಗೆ ಆಮೇಲೆ ಗೊತ್ತಾಯಿತು. ಮಂಚದ ಮೇಲೆ ಕಾಸಿಟ್ಟು "ನಿಂದೇ ಕಣೇ, ತಗೊ" ಎಂದಳಂತೆ. ಅವರು ಎಡಗೈಯಲ್ಲಿ ಅದನ್ನು ಇತ್ತ ತಳ್ಳಿ, "ಸೋತಿದ್ದೆ ಕಣೇ ನಾನು, ಇಟ್ಕೊ" ಎಂದರಂತೆ. ಇಬ್ಬರೂ ಅತ್ತರು. ಆಮೇಲೆ, ನೀನು ಮೊದಲೇ ಯಾಕೆ ಹೇಳಲಿಲ್ಲ ಎಂದು ಇಬ್ಬರೂ ಜಗಳವಾಡಿದರು.

8. ಆಟ ಮತ್ತೆ ಶುರುವಾಯಿತು. ಆದರೆ ಮೊದಲಿನಂತಲ್ಲ. ಕಾಯಿ ಹೊಡೆಯುವಾಗ ಮಾದಮ್ಮ ಕಾಸನ್ನು ಟಣ್ಣೆಂದು ಕುಟ್ಟುತ್ತಿದ್ದವಳು, ಈಗ ಮೊಟ್ಟೆಯಿಟ್ಟಂತೆ ಇಡುತ್ತಾಳೆ. "ಮೆಲ್ಲಗೆ ಕಣೇ, ಗೀರು ಬಿದ್ದಾತು" ಎಂದು ಸುವರ್ಣಮ್ಮನವರು ಉಸಿರು ಹಿಡಿಯುತ್ತಾರೆ. ಬೀದಿಯಲ್ಲಿ ಯಾರಾದರೂ ಬಂದರೆ ಇಬ್ಬರೂ ಕಾಸಿನ ಮೇಲೆ ಸೆರಗು ಮುಚ್ಚುತ್ತಾರೆ. ಒಂದು ಆಟ ಮುಗಿಯುವಷ್ಟರಲ್ಲಿ ದನ ಮನೆಗೆ ಬಂದಿರುತ್ತವೆ. ಕಾಸಿನ ಬದಲು ಬೇರೆ ಕಾಯಿ ಇಟ್ಟುಕೊಳ್ಳಿ ಎಂದರೆ ಇಬ್ಬರೂ ಒಟ್ಟಿಗೆ ನನ್ನ ಮೇಲೆ ಬೀಳುತ್ತಾರೆ.

9. ಹುಣಸೆಹಣ್ಣು ಹಾಕಿ ಉಜ್ಜಿ ನಾನೇ ಬೆಲೆ ಇಳಿಸಬಹುದಿತ್ತು. ಹಣ್ಣನ್ನು ನೆನೆಸಿಯೂ ಇದ್ದೆ. ಆದರೆ ಸರ್ಕಾರಿ ನೌಕರನಾಗಿದ್ದವನು ದಾಖಲೆ ತಿದ್ದಬಾರದಾದ್ದರಿಂದ, ಅದೇ ಹುಳಿಯಲ್ಲಿ ಅಂದು ಸಾರು ಮಾಡಲಾಯಿತು.

ಆದ್ದರಿಂದ, ಸದರಿ ಕಾಸು ತೀರಾ ಸಾಮಾನ್ಯವಾದದ್ದು, ಸಂತೆಯಲ್ಲಿ ಸೇರಿನಲ್ಲಿ ಅಳೆದು ಕೊಡುವಂಥದ್ದು ಎಂದು ಮೊಹರು ಹಾಕಿ ಪತ್ರ ನೀಡಬೇಕೆಂದು ವಿನಂತಿ. ಸುಳ್ಳು ಬರೆಯಲು ತಮ್ಮ ಮನಸ್ಸಾಕ್ಷಿ ಒಪ್ಪದಿದ್ದಲ್ಲಿ, ಅಚ್ಚು ಹಾಕುವಾಗ ಆದಂತೆಯೇ ಕಣ್ತಪ್ಪಿನಿಂದ ಬರೆದದ್ದೆಂದು ಭಾವಿಸುವುದು.

ತಮ್ಮ ಪತ್ರದ ಹಾದಿ ಕಾಯುತ್ತಿರುವ ವಿಶ್ವಾಸಿ,
(ತಿಮ್ಮಯ್ಯ)

ಲಗತ್ತುಗಳು:
1. ಕಾಸಿನ ಎರಡು ಮುಖಗಳ ಫೋಟೋ (ಎರಡೂ ಒಂದೇ ಆದ್ದರಿಂದ ಒಂದೇ ಪ್ರತಿ).
2. ಸುವರ್ಣಮ್ಮನವರು ಎಡಗೈಯಲ್ಲಿ ಸಹಿ ಮಾಡಿದ ಒಪ್ಪಿಗೆ.
3. ಮಾದಮ್ಮನ ಒಪ್ಪಿಗೆ: ಮೌಖಿಕ. ಆಟ ಮುಗಿಯಲಿ, ಆಮೇಲೆ ಬರೆದುಕೊಡುತ್ತೇನೆ ಎಂದಿದ್ದಾಳೆ.

ವಿ.ಸೂ.: ದೃಢೀಕರಣ ಪತ್ರವನ್ನು ಇಬ್ಬರ ಹೆಸರಿಗೂ ಜಂಟಿಯಾಗಿ ಕಳುಹಿಸಬೇಕು. ಯಾರ ಹೆಸರನ್ನು ಮೊದಲು ಬರೆಯಬೇಕೆಂಬುದನ್ನು ತಾವೇ ತೀರ್ಮಾನಿಸಬೇಕು. ಯಾವ ಕಾರಣಕ್ಕೂ ನನ್ನನ್ನು ಕೇಳಕೂಡದು.